ನರ್ಸಿಂಗ್‌ಗೆ ಎಷ್ಟು ವಿಜ್ಞಾನ ಬೇಕು? ವಾರ್ಡಿನಲ್ಲಿ ಕೆಲಸಕ್ಕೆ ಬರುವಷ್ಟು, ಹಂತ ಹಂತವಾಗಿ

ನರ್ಸಿಂಗ್ ಓದುತ್ತಿರುವವರು, ಹೊಸದಾಗಿ ವಾರ್ಡಿಗೆ ಬಂದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನಮಗೆ ಫಿಸಿಕ್ಸ್, ಕೆಮಿಸ್ಟ್ರಿ ಎಲ್ಲ ಯಾಕೆ? ಯಂತ್ರ ಕೆಟ್ಟರೆ ನೋಡೋಕೆ ಇಂಜಿನಿಯರ್ ಇದ್ದಾರಲ್ಲ?"

ಯಂತ್ರ ಪೂರ್ತಿ ಕೆಟ್ಟರೆ ಏನೂ ತೊಂದರೆ ಇಲ್ಲ. ಪರದೆ ಕಪ್ಪಾಗುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ, ಬೇರೆ ತರುತ್ತಾರೆ. ಅಪಾಯ ಇರುವುದು ಯಂತ್ರ ಚೆನ್ನಾಗಿಯೇ ಓಡುತ್ತಾ ತಪ್ಪು ಸಂಖ್ಯೆ ತೋರಿಸುವಾಗ, ಅಥವಾ ತಪ್ಪು ಪ್ರಮಾಣದಲ್ಲಿ ಔಷಧಿ ಕೊಡುವಾಗ. ಆ ಹೊತ್ತಿನಲ್ಲಿ ರೋಗಿಯ ಪಕ್ಕದಲ್ಲಿ ಇರುವುದು ನೀವೊಬ್ಬರೇ. ಇಂಜಿನಿಯರನ್ನು ಕರೆಯಬೇಕು ಅಂತ ಅನುಮಾನ ಬರಬೇಕಾದ್ದೂ ನಿಮಗೇ.

ಹಾಗಂತ ಪುಸ್ತಕಗಟ್ಟಲೆ ಸೂತ್ರ ಬಾಯಿಪಾಠ ಮಾಡಬೇಕಿಲ್ಲ. ಹೈಸ್ಕೂಲಿನ ವಿಜ್ಞಾನ ಸಾಕು, ಆದರೆ ಅದನ್ನು ರೋಗಿಯ ಮಂಚದ ಪಕ್ಕಕ್ಕೆ ತರಬೇಕು. ಯಾವ ಉಪಕರಣ ಕೈಗೆ ಬಂದರೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ನಿಜಕ್ಕೂ ಏನನ್ನು ಅಳೆಯುತ್ತಿದೆ, ಅಥವಾ ಯಾವ ಬಲದಿಂದ ತಳ್ಳುತ್ತಿದೆ? ಯಾವ ಪರಿಸ್ಥಿತಿಯಲ್ಲಿ ಇದು ಸುಳ್ಳು ಹೇಳುತ್ತದೆ? ಈ ಲೇಖನದ ಎಲ್ಲ ಹಂತಗಳೂ ಇವೆರಡರ ಉತ್ತರಗಳೇ.

ಮೊದಲು ಇಟ್ಟುಕೊಳ್ಳಬೇಕಾದ್ದು

ಜೇಬಿನಲ್ಲಿ ಹಿಡಿಯುವ ಒಂದು ನೋಟ್‌ಬುಕ್, ಸೆಕೆಂಡ್ ಮುಳ್ಳಿರುವ ಗಡಿಯಾರ, ಸಾದಾ ಕ್ಯಾಲ್ಕುಲೇಟರ್. ನಿಮ್ಮ ವಾರ್ಡಿನಲ್ಲಿ ದಿನಾ ಬಳಸುವ ಪಂಪ್, ಮಾನಿಟರ್, ಆಕ್ಸಿಜನ್ ರೆಗ್ಯುಲೇಟರ್‌ಗಳ ಕೈಪಿಡಿ ಎಲ್ಲಿದೆ ಅಂತ ಹುಡುಕಿಟ್ಟುಕೊಳ್ಳಿ. ಸಾಮಾನ್ಯವಾಗಿ ಯಾವುದೋ ಬೀರುವಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿರುತ್ತದೆ. ಅದರಲ್ಲಿ ಎಚ್ಚರಿಕೆಗಳ ಪುಟ ಮತ್ತು ಅಲಾರಂಗಳ ಪಟ್ಟಿ, ಇವೆರಡನ್ನು ಓದಿದರೂ ಸಾಕು.

ಇನ್ನೊಂದು ಮಾತು. ಇಲ್ಲಿರುವುದು ಕಾರಣ ಅರ್ಥ ಮಾಡಿಕೊಳ್ಳುವುದಕ್ಕೆ. ಡೋಸ್, ವೇಗ, ಕ್ರಮಗಳ ವಿಷಯದಲ್ಲಿ ವೈದ್ಯರ ಆದೇಶ ಮತ್ತು ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಹೇಳಿದ್ದೇ ಅಂತಿಮ.

ಹಂತ 1: ಅಳತೆಗಳನ್ನು ಗಟ್ಟಿ ಮಾಡಿಕೊಳ್ಳಿ

ಔಷಧಿಯ ತಪ್ಪುಗಳಲ್ಲಿ ದೊಡ್ಡವು ಸಾಮಾನ್ಯವಾಗಿ ಹತ್ತು ಪಟ್ಟು ಅಥವಾ ಸಾವಿರ ಪಟ್ಟಿನವು. ದಶಮಾಂಶದ ಚುಕ್ಕೆ ಜಾರಿದರೆ ಹತ್ತು ಪಟ್ಟು. ಮೈಕ್ರೋಗ್ರಾಂ ಅನ್ನು ಮಿಲಿಗ್ರಾಂ ಅಂತ ಓದಿದರೆ ಸಾವಿರ ಪಟ್ಟು. ಅದಕ್ಕೇ 0.5 ಅಂತ ಬರೆಯುವಾಗ ಮುಂದಿನ ಸೊನ್ನೆ ಬಿಡಬೇಡಿ, 5 ಅಂತ ಬರೆಯುವಾಗ 5.0 ಅಂತ ಬಾಲ ಸೇರಿಸಬೇಡಿ. ಚುಕ್ಕೆ ಮಸುಕಾದರೆ 5.0 ಎನ್ನುವುದು 50 ಆಗಿ ಕಾಣುತ್ತದೆ.

ಆಂಪ್ಯೂಲ್ ಮೇಲೆ ಸಾಂದ್ರತೆಯನ್ನು, ಅಂದರೆ ಎಷ್ಟು ದ್ರವದಲ್ಲಿ ಎಷ್ಟು ಔಷಧಿ ಇದೆ ಎನ್ನುವುದನ್ನು, ಮೂರು ರೀತಿಯಲ್ಲಿ ಬರೆದಿರುತ್ತಾರೆ. ಮೂರನ್ನೂ ಒಂದೇ ಭಾಷೆಗೆ, ಅಂದರೆ ಒಂದು ಮಿ.ಲೀ.ಗೆ ಎಷ್ಟು ಮಿ.ಗ್ರಾಂ (ಅಥವಾ ಎಷ್ಟು ಯೂನಿಟ್, ಎಷ್ಟು ಮಿಲಿಮೋಲ್) ಎನ್ನುವುದಕ್ಕೆ, ತರಲು ಕಲಿಯಿರಿ.

ಶೇಕಡಾ ಅಂದರೆ 100 ಮಿ.ಲೀ.ನಲ್ಲಿ ಅಷ್ಟು ಗ್ರಾಂ. ಲಿಗ್ನೋಕೇನ್ 2% ಅಂದರೆ 100 ಮಿ.ಲೀ.ನಲ್ಲಿ 2 ಗ್ರಾಂ, ಒಂದು ಮಿ.ಲೀ.ನಲ್ಲಿ 20 ಮಿ.ಗ್ರಾಂ. ಅನುಪಾತ ಅಂದರೆ ಅಷ್ಟು ಮಿ.ಲೀ.ನಲ್ಲಿ ಒಂದು ಗ್ರಾಂ. ಅಡ್ರಿನಲಿನ್ 1:1000 ಅಂದರೆ ಒಂದು ಮಿ.ಲೀ.ನಲ್ಲಿ 1 ಮಿ.ಗ್ರಾಂ. 1:10,000 ಅಂದರೆ 0.1 ಮಿ.ಗ್ರಾಂ. ಸೊನ್ನೆ ಜಾಸ್ತಿ ಇದ್ದಷ್ಟೂ ಔಷಧಿ ತೆಳು. ಮೂರನೆಯದು ಯೂನಿಟ್ (ಔಷಧಿಯ ಪರಿಣಾಮದ ಅಳತೆ) ಮತ್ತು ಮಿಲಿಮೋಲ್ (ಲವಣಗಳ ಕಣಗಳ ಲೆಕ್ಕದ ಅಳತೆ). ಇನ್ಸುಲಿನ್‌ನಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್ ಇರುವ ವಯಲ್ ಇದೆ, 100 ಯೂನಿಟ್ ಇರುವುದೂ ಇದೆ. ಎರಡಕ್ಕೂ ಬೇರೆ ಬೇರೆ ಸಿರಿಂಜ್. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಲ್ಲಿ ಎಳೆದರೆ ರೋಗಿಗೆ ಹೋಗುವುದು ಎರಡೂವರೆ ಪಟ್ಟು. ಸಿರಿಂಜಿನ ಗೆರೆ ಸರಿಯಾಗಿಯೇ ಕಾಣುತ್ತದೆ, ಅದೇ ಇಲ್ಲಿನ ಬಲೆ.

ಕ್ಯಾಲ್ಕುಲೇಟರ್ ಒತ್ತುವ ಮೊದಲು ಉತ್ತರ ಎಷ್ಟರ ಆಸುಪಾಸಿನಲ್ಲಿ ಬರಬೇಕು ಅಂತ ಮನಸ್ಸಿನಲ್ಲೇ ಅಂದಾಜು ಮಾಡಿ. ಒಂದು ಡೋಸಿಗೆ ಮೂರು ನಾಲ್ಕು ಆಂಪ್ಯೂಲ್ ಒಡೆಯಬೇಕಾಗಿ ಬಂದರೆ ಕೈ ನಿಲ್ಲಿಸಿ, ಇನ್ನೊಬ್ಬರ ಹತ್ತಿರ ಲೆಕ್ಕ ಮಾಡಿಸಿ. ನಿಮ್ಮ ಉತ್ತರ ಅವರಿಗೆ ಹೇಳಬೇಡಿ. ಹೇಳಿದರೆ ಅವರು ಲೆಕ್ಕ ಮಾಡುವುದಿಲ್ಲ, ತಲೆ ಆಡಿಸುತ್ತಾರೆ.

ಹಂತ 2: ಹನಿ ಇಳಿಯುವುದು ಹೇಗೆ ಅಂತ ತಿಳಿಯಿರಿ

ಸಾದಾ ಡ್ರಿಪ್ ಸೆಟ್‌ನಲ್ಲಿ 20 ಹನಿ ಸೇರಿದರೆ ಒಂದು ಮಿ.ಲೀ. ಮೈಕ್ರೋ ಸೆಟ್‌ನಲ್ಲಿ 60 ಹನಿ. ಬೇರೆ ಲೆಕ್ಕದ ಸೆಟ್‌ಗಳೂ ಇವೆ, ಪ್ಯಾಕೆಟ್ ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ. 1000 ಮಿ.ಲೀ. ಸಲೈನ್ 8 ಗಂಟೆಯಲ್ಲಿ ಹೋಗಬೇಕು ಅಂದರೆ ಗಂಟೆಗೆ 125 ಮಿ.ಲೀ. ಅದನ್ನು 20ರಿಂದ ಗುಣಿಸಿ 60ರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಮೈಕ್ರೋ ಸೆಟ್ ಆದರೆ ಲೆಕ್ಕವೇ ಬೇಡ. ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ.

ಇಷ್ಟು ಎಲ್ಲರಿಗೂ ಗೊತ್ತು. ಹನಿ ಎಣಿಸಿ ಹೋದಮೇಲೆ ವೇಗ ಯಾಕೆ ಬದಲಾಗುತ್ತದೆ ಅನ್ನುವುದೇ ಮುಖ್ಯ. ಬಾಟಲಿಯಿಂದ ದ್ರವವನ್ನು ತಳ್ಳುತ್ತಿರುವುದು ಎತ್ತರ ಮಾತ್ರ. ಒಂದು ಮೀಟರ್ ಎತ್ತರದ ನೀರಿನ ಕಂಬ ಸುಮಾರು 74 ಮಿ.ಮೀ. ಪಾದರಸದಷ್ಟು ಒತ್ತಡ ಕೊಡುತ್ತದೆ. ರೋಗಿ ಎದ್ದು ಕೂತರೆ, ಮಂಚ ಏರಿಸಿದರೆ, ಮೊಣಕೈ ಮಡಚಿದರೆ ಆ ಲೆಕ್ಕ ಬದಲಾಯಿತು. ಅದೇ ಕೈಗೆ ಬಿ.ಪಿ. ಪಟ್ಟಿ ಕಟ್ಟಿ ಉಬ್ಬಿಸಿದರೆ ಡ್ರಿಪ್ ನಿಂತೇ ಹೋಗುತ್ತದೆ, ರಕ್ತ ಹಿಂದಕ್ಕೆ ಬರುತ್ತದೆ. ಆದ್ದರಿಂದ ಹನಿಯನ್ನು ಒಂದು ಸಲ ಎಣಿಸಿ ನಂಬಿ ಕೂರಬೇಡಿ. ಬಾಟಲಿಯ ಮೇಲೆ ಗಂಟೆಗಂಟೆಯ ಗುರುತು ಹಾಕಿ, ಮಟ್ಟ ಎಲ್ಲಿಗೆ ಬಂದಿದೆ ಅಂತ ನೋಡಿ.

ತಡವಾಗಿದೆ ಅಂತ ಗೊತ್ತಾದಾಗ ಕ್ಲಾಂಪ್ ಪೂರ್ತಿ ಬಿಟ್ಟು ‘ಮೇಕಪ್’ ಮಾಡುವುದು ತುಂಬಾ ಕಡೆ ನಡೆಯುತ್ತದೆ. ಹೃದಯ, ಕಿಡ್ನಿ ತೊಂದರೆ ಇರುವವರಿಗೆ, ವಯಸ್ಸಾದವರಿಗೆ, ಮಕ್ಕಳಿಗೆ ಇದು ಶ್ವಾಸಕೋಶದಲ್ಲಿ ನೀರು ತುಂಬಿಸುವ ದಾರಿ. ವೈದ್ಯರಿಗೆ ತಿಳಿಸಿ ವೇಗ ಹೊಸದಾಗಿ ಲೆಕ್ಕ ಮಾಡಿ.

ಈಗ ಕ್ಯಾನುಲಾ, ಅಂದರೆ ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ. ಕೊಳವೆಯಲ್ಲಿ ಹರಿವು ಅದರ ಒಳಗಿನ ಅಗಲದ ನಾಲ್ಕನೇ ಘಾತವನ್ನು ಅವಲಂಬಿಸಿದೆ. ಅಂದರೆ ಒತ್ತಡ, ಉದ್ದ ಅಷ್ಟೇ ಇದ್ದು ಅಗಲ ಎರಡು ಪಟ್ಟಾದರೆ ಹರಿವು ಎರಡಲ್ಲ, ಹದಿನಾರು ಪಟ್ಟು. 19ನೇ ಶತಮಾನದಲ್ಲಿ ಪ್ವಾಸೈ ಎಂಬ ಫ್ರೆಂಚ್ ವೈದ್ಯ ಕಂಡುಕೊಂಡ ನಿಯಮ ಇದು. ರಕ್ತ ಹೇಗೆ ಹರಿಯುತ್ತದೆ ಎಂಬ ಕುತೂಹಲದಿಂದಲೇ ಅವನು ಇದಕ್ಕೆ ಕೈ ಹಾಕಿದ್ದು. ವಾರ್ಡಿನಲ್ಲಿ ಇದರ ಅರ್ಥ: ನೀಲಿ ಬಣ್ಣದ 22 ಗೇಜ್ ಕ್ಯಾನುಲಾದಲ್ಲಿ ನಿಮಿಷಕ್ಕೆ ಸುಮಾರು 36 ಮಿ.ಲೀ. ಹೋದರೆ, ಹಸಿರು 18 ಗೇಜ್‌ನಲ್ಲಿ 90ರಿಂದ 100ರ ಆಸುಪಾಸು. ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಗೇಜ್ ಸಂಖ್ಯೆ ಏರಿದಷ್ಟೂ ಸೂಜಿ ಸಣ್ಣ ಅನ್ನುವುದು ನೆನಪಿರಲಿ.

ರಕ್ತಸ್ರಾವ ಆಗುತ್ತಿರುವ ರೋಗಿಗೆ ಸಣ್ಣ ಕ್ಯಾನುಲಾ ಹಾಕಿ ಬಾಟಲಿಯನ್ನು ಎಷ್ಟೇ ಮೇಲೆ ಎತ್ತಿದರೂ ಪ್ರಯೋಜನ ಕಡಿಮೆ. ಎತ್ತರ ಎರಡು ಪಟ್ಟಾದರೆ ಹರಿವು ಹೆಚ್ಚೆಂದರೆ ಅದರ ಆಸುಪಾಸು ಏರುತ್ತದೆ, ಅಷ್ಟೇ. ಕುತ್ತಿಗೆಯ ಸೆಂಟ್ರಲ್ ಲೈನ್ ದೊಡ್ಡದು, ಅದರಲ್ಲಿ ವೇಗವಾಗಿ ಹೋಗುತ್ತದೆ ಎನ್ನುವುದೂ ತಪ್ಪು ತಿಳಿವಳಿಕೆ. ಅದು ಉದ್ದ, ಒಳಗಿನ ದಾರಿಗಳು ಸಣ್ಣ. ಕೈಗೆ ಹಾಕಿದ ಗಿಡ್ಡ, ಅಗಲ ಕ್ಯಾನುಲಾ ಅದಕ್ಕಿಂತ ಬೇಗ ಹರಿಸುತ್ತದೆ.

ಹಂತ 3: ಸಿರಿಂಜ್ ಪಂಪ್ ಏನು ಮಾಡುತ್ತಿದೆ ಅಂತ ನೋಡಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನನ್ನ ಪ್ರಕಾರ ಇಂಜಿನಿಯರಿಂಗ್ ತಿಳಿವಳಿಕೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಜಾಗ ಇದೇ.

ಸಿರಿಂಜ್ ಪಂಪ್‌ಗೆ ಮಿ.ಲೀ. ಅಂದರೆ ಏನು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಪ್ಲಂಜರನ್ನು, ಅಂದರೆ ಸಿರಿಂಜಿನ ಹಿಂದಿನ ದಂಡವನ್ನು, ಇಷ್ಟು ಮಿಲಿಮೀಟರ್ ತಳ್ಳುವುದು ಮಾತ್ರ. ಎಷ್ಟು ದೂರ ತಳ್ಳಿದರೆ ಎಷ್ಟು ಮಿ.ಲೀ. ಹೋಗುತ್ತದೆ ಅನ್ನುವುದನ್ನು ಸಿರಿಂಜಿನ ಅಗಲದಿಂದ ಲೆಕ್ಕ ಹಾಕುತ್ತದೆ. ಅದಕ್ಕೇ ಸಿರಿಂಜ್ ಯಾವ ಕಂಪನಿಯದು, ಎಷ್ಟು ಮಿ.ಲೀ.ಯದು ಅಂತ ಆರಂಭದಲ್ಲಿ ಕೇಳುವುದು. ಅವಸರದಲ್ಲಿ ‘ಓಕೆ’ ಒತ್ತಿಬಿಟ್ಟರೆ ಪರದೆಯಲ್ಲಿ ಗಂಟೆಗೆ 5 ಮಿ.ಲೀ. ಅಂತ ಕಾಣುತ್ತಿರುತ್ತದೆ, ಹೋಗುತ್ತಿರುವುದು ಬೇರೆಯೇ. ಅಲಾರಂ ಬಾರಿಸುವುದಿಲ್ಲ, ಯಾಕೆಂದರೆ ಪಂಪಿನ ದೃಷ್ಟಿಯಲ್ಲಿ ತಪ್ಪೇ ಆಗಿಲ್ಲ.

ಪಂಪ್ ಹಚ್ಚುವಾಗ ಈ ಕ್ರಮ ಇಟ್ಟುಕೊಳ್ಳಿ.

1. ಲೆಕ್ಕವನ್ನು ಕಾಗದದ ಮೇಲೆ ಮಾಡಿ. ಉದಾಹರಣೆಗೆ 60 ಕೆ.ಜಿ. ರೋಗಿಗೆ ಡೋಪಮಿನ್ ನಿಮಿಷಕ್ಕೆ ಕೆ.ಜಿ.ಗೆ 5 ಮೈಕ್ರೋಗ್ರಾಂ ಅಂತ ಆದೇಶ ಇದೆ ಅನ್ನೋಣ. ನಿಮಿಷಕ್ಕೆ 300 ಮೈಕ್ರೋಗ್ರಾಂ, ಗಂಟೆಗೆ 18 ಮಿ.ಗ್ರಾಂ. 50 ಮಿ.ಲೀ.ನಲ್ಲಿ 200 ಮಿ.ಗ್ರಾಂ ಕಲಸಿದ್ದರೆ ಒಂದು ಮಿ.ಲೀ.ನಲ್ಲಿ 4 ಮಿ.ಗ್ರಾಂ. ಗಂಟೆಗೆ 4.5 ಮಿ.ಲೀ. ಪರದೆಯಲ್ಲಿ 45 ಅಂತ ಕಂಡರೆ ಚುಕ್ಕೆ ತಪ್ಪಿದೆ ಅಂತ ತಕ್ಷಣ ಹೊಳೆಯುವುದು ಈ ಲೆಕ್ಕ ಕೈಯಲ್ಲಿದ್ದಾಗ ಮಾತ್ರ.

2. ಸಿರಿಂಜ್ ಕೂರಿಸಿದಮೇಲೆ ಪ್ಲಂಜರಿನ ತುದಿ ಕ್ಲಿಪ್ಪಿನೊಳಗೆ ಸರಿಯಾಗಿ ಸಿಕ್ಕಿಕೊಂಡಿದೆಯಾ ಅಂತ ಬೆರಳಿಟ್ಟು ನೋಡಿ. ಸಿಕ್ಕಿಕೊಂಡಿಲ್ಲ, ಪಂಪ್ ರೋಗಿಗಿಂತ ಎತ್ತರದಲ್ಲಿದೆ ಅಂದರೆ ದ್ರವ ತನ್ನ ಭಾರಕ್ಕೆ ತಾನೇ ಇಳಿದುಹೋಗುತ್ತದೆ. ಇದನ್ನು ಸೈಫನಿಂಗ್ ಅನ್ನುತ್ತಾರೆ. ಪೂರ್ತಿ ಸಿರಿಂಜ್ ಖಾಲಿಯಾಗಬಹುದು.

3. ರೋಗಿಗೆ ಜೋಡಿಸುವ ಮೊದಲು ಪರ್ಜ್ ಮಾಡಿ, ಅಂದರೆ ಲೈನಿನ ತುದಿಯಲ್ಲಿ ಹನಿ ಕಾಣುವವರೆಗೆ ಪಂಪಿನಿಂದಲೇ ತಳ್ಳಿ. ಗೇರು, ಕ್ಲಿಪ್ಪುಗಳ ನಡುವೆ ಸ್ವಲ್ಪ ಸಡಿಲ ಇರುತ್ತದೆ. ಗಂಟೆಗೆ ಒಂದೆರಡು ಮಿ.ಲೀ. ವೇಗದಲ್ಲಿ ಆ ಸಡಿಲ ತುಂಬಲು ಎಷ್ಟೋ ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ರೋಗಿಗೆ ಔಷಧಿಯೇ ಇಲ್ಲ.

4. ಪಂಪನ್ನು ರೋಗಿಯ ಎದೆಯ ಮಟ್ಟಕ್ಕೆ ಇಡಿ, ಓಡುತ್ತಿರುವಾಗ ಸುಮ್ನೆ ಮೇಲೆ ಕೆಳಗೆ ಮಾಡಬೇಡಿ. ದಿಢೀರನೆ ಎತ್ತಿದರೆ ಒಂದಷ್ಟು ಔಷಧಿ ಒಟ್ಟಿಗೆ ಹೋಗುತ್ತದೆ, ಇಳಿಸಿದರೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ನಾರ್‌ಅಡ್ರಿನಲಿನ್‌ನಂಥ ಔಷಧಿಯಲ್ಲಿ ಅಷ್ಟು ಸಾಕು ಬಿ.ಪಿ. ಏರಿಳಿಯುವುದಕ್ಕೆ.

5. ಸಿರಿಂಜ್ ತೆಗೆಯುವ ಮೊದಲು ರೋಗಿಯ ಕಡೆಯ ಕ್ಲಾಂಪ್ ಮುಚ್ಚಿ. ಇದನ್ನು ಬಿಟ್ಟರೆ ಮೇಲಿನದೆಲ್ಲ ಮಾಡಿಯೂ ಫಲ ಇಲ್ಲ.

ಆಕ್ಲೂಷನ್ ಅಲಾರಂ ಬಂದಾಗ ಆಗುವ ಎಡವಟ್ಟು ಬೇರೆ. ಆಕ್ಲೂಷನ್ ಅಂದರೆ ಎಲ್ಲೋ ದಾರಿ ಮುಚ್ಚಿದೆ ಅಂತ. ನೀವು ನೋಡುತ್ತೀರಿ, ಥ್ರೀ-ವೇ, ಅಂದರೆ ಲೈನಿನಲ್ಲಿರುವ ಮೂರು ದಾರಿಯ ತಿರುಗುಕೀಲು, ಮುಚ್ಚಿದೆ. ತಕ್ಷಣ ತಿರುಗಿಸಿ ತೆರೆಯಬೇಕು ಅನ್ನಿಸುತ್ತದೆ ಅಲ್ವಾ? ಬೇಡ. ಅಲಾರಂ ಬರುವವರೆಗೂ ಪಂಪ್ ತಳ್ಳುತ್ತಲೇ ಇತ್ತು. ಲೈನ್ ಸ್ವಲ್ಪ ಹಿಗ್ಗಿ, ಪ್ಲಂಜರಿನ ರಬ್ಬರ್ ಅದುಮಿ, ಒತ್ತಡದಲ್ಲಿ ಔಷಧಿ ಶೇಖರವಾಗಿದೆ. ತೆರೆದ ಕ್ಷಣ ಅದೆಲ್ಲ ಒಂದೇ ಸಲ ಒಳಗೆ ಹೋಗುತ್ತದೆ. ಹೀಗೆ ಒಟ್ಟಿಗೆ ಹೋಗುವ ಡೋಸಿಗೆ ಬೋಲಸ್ ಅಂತ ಹೆಸರು. ರೋಗಿಯ ಕಡೆ ಮುಚ್ಚಿಯೇ ಇಡಿ, ಪಂಪಿನ ಕಡೆ ಒತ್ತಡ ಬಿಡಿಸಿ, ಆಮೇಲೆ ದಾರಿ ತೆರೆದು ಮತ್ತೆ ಶುರು ಮಾಡಿ. ಇಷ್ಟು ಮಾಡುವುದಕ್ಕೆ ಅರ್ಧ ನಿಮಿಷ ಸಾಕು.

ಹಂತ 4: ಆಕ್ಸಿಜನ್ ಎಷ್ಟು ಹೊತ್ತು ಬರುತ್ತದೆ ಅಂತ ಲೆಕ್ಕ ಮಾಡಿ

ರೋಗಿಯನ್ನು ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗುವಾಗ ಸಿಲಿಂಡರ್ ‘ಅರ್ಧ ಇದೆ’ ಎನ್ನುವ ಮಾತು ಕೇಳುತ್ತೀರಿ. ಅರ್ಧ ಅಂದರೆ ಎಷ್ಟು ನಿಮಿಷ? ಲೆಕ್ಕ ಸುಲಭ. ಸಿಲಿಂಡರಿನಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೋ ಅದನ್ನು ಒತ್ತಡದ ಗೇಜಿನಲ್ಲಿ ಕಾಣುವ ಬಾರ್‌ನಿಂದ (ಬಾರ್ ಅಂದರೆ ಒತ್ತಡದ ಅಳತೆ) ಗುಣಿಸಿ. ಬರುವುದು ಒಳಗಿರುವ ಆಕ್ಸಿಜನ್, ಲೀಟರಿನಲ್ಲಿ. 10 ಲೀಟರ್ ಸಿಲಿಂಡರ್, ಗೇಜಿನಲ್ಲಿ 75 ಬಾರ್ ಅಂದರೆ 750 ಲೀಟರ್. ನಿಮಿಷಕ್ಕೆ 15 ಲೀಟರ್ ಕೊಡುತ್ತಿದ್ದರೆ 50 ನಿಮಿಷ. ಗೇಜ್ ಪಿಎಸ್‌ಐನಲ್ಲಿ ಇದ್ದರೆ 14.5ರಿಂದ ಭಾಗಿಸಿದರೆ ಬಾರ್ ಸಿಗುತ್ತದೆ. ಲಿಫ್ಟ್ ನಿಲ್ಲುತ್ತದೆ, ಸ್ಕ್ಯಾನ್ ತಡವಾಗುತ್ತದೆ. ಪ್ರಯಾಣಕ್ಕೆ ಬೇಕಾದ ಸಮಯದ ಎರಡು ಪಟ್ಟು ಇಲ್ಲದಿದ್ದರೆ ಹೊರಡಬೇಡಿ.

ಈ ಲೆಕ್ಕ ಆಕ್ಸಿಜನ್‌ಗೆ ಸರಿ, ಯಾಕೆಂದರೆ ಅದು ಸಿಲಿಂಡರಿನಲ್ಲಿ ಅನಿಲವಾಗಿಯೇ ಇರುತ್ತದೆ. ನೈಟ್ರಸ್ ಆಕ್ಸೈಡ್‌ಗೆ ನಡೆಯುವುದಿಲ್ಲ. ಅದು ಅಡುಗೆ ಗ್ಯಾಸಿನ ಹಾಗೆ ಒಳಗೆ ದ್ರವವಾಗಿರುತ್ತದೆ. ದ್ರವ ಇರುವವರೆಗೂ ಗೇಜ್ ಸುಮಾರು 50 ಬಾರ್ ತೋರಿಸುತ್ತಲೇ ಇದ್ದು ಆಮೇಲೆ ದಿಢೀರನೆ ಬೀಳುತ್ತದೆ. ಎಷ್ಟು ಉಳಿದಿದೆ ಅಂತ ತಿಳಿಯಲು ತೂಕವೇ ನೋಡಬೇಕು.

ಆಕ್ಸಿಜನ್ ತಾನೇ ಉರಿಯುವುದಿಲ್ಲ, ಉಳಿದದ್ದನ್ನೆಲ್ಲ ಜೋರಾಗಿ ಉರಿಸುತ್ತದೆ. ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್, ಕ್ರೀಮ್ ಹಚ್ಚಿದ ಕೈ ತಾಗಿಸಬೇಡಿ. ಸ್ಯಾನಿಟೈಸರ್ ಪೂರ್ತಿ ಒಣಗಲಿ. ವಾಲ್ವನ್ನು ನಿಧಾನವಾಗಿ ತಿರುಗಿಸಿ. ಒಮ್ಮೆಲೇ ತೆರೆದರೆ ಅನಿಲ ರಭಸದಿಂದ ಅದುಮಿಕೊಂಡು ರೆಗ್ಯುಲೇಟರ್ ಒಳಗೆ ವಿಪರೀತ ಬಿಸಿಯಾಗುತ್ತದೆ. ಅಲ್ಲಿ ಒಂದು ಚೂರು ಜಿಡ್ಡಿದ್ದರೂ ಬೆಂಕಿ ಹೊತ್ತಬಹುದು.

ಫ್ಲೋಮೀಟರ್ ನೆಟ್ಟಗೆ ನಿಂತಿರಬೇಕು, ಓರೆಯಾದರೆ ತಪ್ಪು ತೋರಿಸುತ್ತದೆ. ಗುಂಡು ಇರುವ ಮೀಟರಿನಲ್ಲಿ ಗುಂಡಿನ ಮಧ್ಯಭಾಗ ಓದಿ. ವೆಂಚುರಿ ಮಾಸ್ಕ್‌ನಲ್ಲಿ ಬಣ್ಣದ ವಾಲ್ವಿನ ಕಿಟಕಿಗಳ ಮೂಲಕ ಹೊರಗಿನ ಗಾಳಿ ಸೇರಿ ಆಕ್ಸಿಜನ್ ಶೇಕಡಾ ನಿಗದಿಯಾಗುತ್ತದೆ. ಆದ್ದರಿಂದ ಫ್ಲೋ ಏರಿಸಿದರೆ ಶೇಕಡಾ ಏರುವುದಿಲ್ಲ, ವಾಲ್ವ್ ಬದಲಿಸಬೇಕು. ಹೊದಿಕೆ ಆ ಕಿಟಕಿಗಳನ್ನು ಮುಚ್ಚಿದರೆ ಮಾತ್ರ ನಿಮಗೆ ಗೊತ್ತಿಲ್ಲದೆ ಏರಿಬಿಡುತ್ತದೆ.

ಹಂತ 5: ಮಾನಿಟರ್ ಸಂಖ್ಯೆಯನ್ನು ಪ್ರಶ್ನಿಸಿ

ಪಲ್ಸ್ ಆಕ್ಸಿಮೀಟರ್ ಬೆರಳಿನ ಮೂಲಕ ಎರಡು ಬೆಳಕು ಹಾಯಿಸುತ್ತದೆ. ಒಂದು ಕೆಂಪು, ಸುಮಾರು 660 ನ್ಯಾನೋಮೀಟರ್. ಇನ್ನೊಂದು ಕಣ್ಣಿಗೆ ಕಾಣದ ಇನ್ಫ್ರಾರೆಡ್, ಸುಮಾರು 940. ನಾಡಿ ಬಡಿತದ ಜೊತೆ ಏರಿಳಿಯುವ ಭಾಗವನ್ನು ಮಾತ್ರ ಹಿಡಿದು, ರಕ್ತ ಎಷ್ಟು ಕೆಂಪಗಿದೆ ಅಂತ ಅಂದಾಜು ಮಾಡುತ್ತದೆ. ಜಪಾನಿನ ಇಂಜಿನಿಯರ್ ತಕುವೊ ಅಯೋಯಾಗಿ 1970ರ ದಶಕದಲ್ಲಿ ಈ ಉಪಾಯ ಕಂಡುಹಿಡಿದರು.

ಇಷ್ಟು ತಿಳಿದರೆ ಅದು ಯಾವಾಗ ಮೋಸ ಹೋಗುತ್ತದೆ ಅಂತ ನೀವೇ ಹೇಳಬಹುದು. ಕೈ ತಣ್ಣಗಿದ್ದು ನಾಡಿ ಕ್ಷೀಣವಾದರೆ ಅಳೆಯಲು ಏನೂ ಸಿಗುವುದಿಲ್ಲ. ನಡುಕ, ಉಗುರು ಬಣ್ಣ, ಮೇಲೆ ಬೀಳುವ ಜೋರು ಬೆಳಕು ಅಡ್ಡಿ. ಕಪ್ಪು ಚರ್ಮದವರಲ್ಲಿ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ಹೊಗೆಯಲ್ಲಿ ಸಿಕ್ಕಿಬಿದ್ದವರಲ್ಲಿ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಅಂಟಿಕೊಂಡಿರುತ್ತದೆ. ಅದೂ ಕೆಂಪಗೇ ಕಾಣುವುದರಿಂದ ಆಕ್ಸಿಜನ್ ಇಲ್ಲದಿದ್ದರೂ ಸಂಖ್ಯೆ ಚೆನ್ನಾಗಿಯೇ ಬರುತ್ತದೆ. ರಕ್ತಹೀನತೆಯಲ್ಲೂ ಹಾಗೆಯೇ. ಇರುವ ಸ್ವಲ್ಪ ಹಿಮೋಗ್ಲೋಬಿನ್ ಪೂರ್ತಿ ತುಂಬಿದ್ದರೆ 99 ಅಂತ ತೋರಿಸುತ್ತದೆ, ಒಟ್ಟು ಆಕ್ಸಿಜನ್ ಕಡಿಮೆಯೇ ಇರುತ್ತದೆ.

ಎಲ್ಲಕ್ಕಿಂತ ಮೋಸದ್ದು ಇನ್ನೊಂದಿದೆ. ಈ ಯಂತ್ರಕ್ಕೆ ಕಾರ್ಬನ್ ಡೈಆಕ್ಸೈಡ್ ಕಾಣುವುದೇ ಇಲ್ಲ. ಆಪರೇಷನ್ ಆಗಿ ಮಾರ್ಫಿನ್, ಅಂದರೆ ಉಸಿರನ್ನೂ ನಿಧಾನ ಮಾಡಬಲ್ಲ ನೋವಿನ ಔಷಧಿ, ಪಡೆದ ರೋಗಿ ಮಾಸ್ಕ್ ಹಾಕಿಕೊಂಡು ನಿದ್ದೆ ಮಾಡುತ್ತಿದ್ದಾರೆ. ಸಂಖ್ಯೆ 98. ನೋಡಿದವರಿಗೆ ನೆಮ್ಮದಿ. ಉಸಿರು ನಿಮಿಷಕ್ಕೆ ಏಳು ಇದೆ ಅಂತ ಎಣಿಸಿದವರಿಗೆ ಮಾತ್ರ ಗೊತ್ತಾಗುತ್ತದೆ. ಹೊರಗಿನಿಂದ ಆಕ್ಸಿಜನ್ ಕೊಡುತ್ತಿರುವುದರಿಂದ ಸಂಖ್ಯೆ ಬೀಳುವುದು ತಡವಾಗುತ್ತದೆ, ಅಷ್ಟರಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ರೋಗಿ ಎಚ್ಚರ ತಪ್ಪಿರುತ್ತಾರೆ. ಉಸಿರನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ಕರೆದರೆ ಕಣ್ಣು ಬಿಡುತ್ತಾರಾ ನೋಡಿ.

ಇನ್ನೊಂದು ವಿಷಯ: 90ರ ಕೆಳಗೆ ಈ ಸಂಖ್ಯೆಯ ಇಳಿಜಾರು ಕಡಿದಾಗಿದೆ. 98ರಿಂದ 94ಕ್ಕೆ ಬರಲು ತಡವಾಗಬಹುದು, 90ರಿಂದ 75ಕ್ಕೆ ಬೀಳುವುದು ಬಲು ಬೇಗ. 88 ಬರಲಿ ಅಂತ ಕಾಯಬೇಡಿ.

ಬಿ.ಪಿ.ಯಲ್ಲಿ ಎತ್ತರದ್ದೇ ಆಟ. ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗೆ ಅಳೆದರೆ ಸುಮಾರು 7.5 ಮಿ.ಮೀ. ಹೆಚ್ಚು, ಮೇಲೆ ಅಳೆದರೆ ಅಷ್ಟೇ ಕಡಿಮೆ ಬರುತ್ತದೆ. ತೋಳು ಮಂಚದಿಂದ ಕೆಳಗೆ ಜೋತಾಡುತ್ತಿದ್ದರೆ ಬಿ.ಪಿ. ಇಲ್ಲದವರಿಗೂ ಇದೆ ಅಂತ ಬರೆಯುತ್ತೀರಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ ಹೆಚ್ಚಾಗಿಯೇ ಬರುತ್ತದೆ. ಪಟ್ಟಿಯೊಳಗಿನ ಚೀಲದ ಅಗಲ ತೋಳಿನ ಸುತ್ತಳತೆಯ 40%, ಉದ್ದ 80% ಇರಬೇಕು.

ಐಸಿಯುನಲ್ಲಿ ಅಪಧಮನಿಯಿಂದಲೇ ಬಿ.ಪಿ. ನೋಡುವಾಗ ಟ್ರಾನ್ಸ್‌ಡ್ಯೂಸರ್, ಅಂದರೆ ಒತ್ತಡವನ್ನು ವಿದ್ಯುತ್ ಸಂಕೇತ ಮಾಡುವ ಪುಟ್ಟ ಪೆಟ್ಟಿಗೆ, ಸ್ಟ್ಯಾಂಡಿಗೆ ಕಟ್ಟಿರುತ್ತದೆ. ಹಾಸಿಗೆ ಬದಲಿಸಲು ಮಂಚ 20 ಸೆಂ.ಮೀ. ಏರಿಸಿದಿರಿ, ಪೆಟ್ಟಿಗೆ ಅಲ್ಲೇ ಉಳಿಯಿತು. ಈಗ ಸಂಖ್ಯೆ 15 ಮಿ.ಮೀ. ಜಾಸ್ತಿ ಬರುತ್ತದೆ. ಸರಾಸರಿ ಒತ್ತಡ 65 ಇದೆ ಅಂತ ಎಲ್ಲರೂ ಸಮಾಧಾನವಾಗಿದ್ದಾರೆ, ನಿಜಕ್ಕೂ ಇರುವುದು 50. ಮಂಚ ಅಲುಗಿದಾಗಲೆಲ್ಲ ಪೆಟ್ಟಿಗೆಯನ್ನು ಹೃದಯದ ಮಟ್ಟಕ್ಕೆ, ಅಂದರೆ ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದು ಕಂಕುಳಿನ ಮಧ್ಯಗೆರೆಗೆ ಸೇರುವ ಜಾಗಕ್ಕೆ, ಸರಿಮಾಡಿ.

ಹಂತ 6: ಏನಕ್ಕೆ ಏನು ಬೆರೆಸುತ್ತಿದ್ದೀರಿ ಅಂತ ನೋಡಿ

ಪೊಟ್ಯಾಸಿಯಂ ಕ್ಲೋರೈಡ್‌ನಿಂದಲೇ ಶುರು ಮಾಡೋಣ. 15%ರ 10 ಮಿ.ಲೀ. ಆಂಪ್ಯೂಲಿನಲ್ಲಿ 20 ಮಿಲಿಮೋಲ್ ಇರುತ್ತದೆ. ಇದನ್ನು ತೆಳು ಮಾಡದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ ತೂಗುತ್ತಿರುವ ಬಾಟಲಿಗೆ ಚುಚ್ಚಿ ಬಿಟ್ಟರೂ ಹತ್ತಿರ ಹತ್ತಿರ ಅದೇ ಅಪಾಯ. ಈ ದ್ರಾವಣ ಸಲೈನ್‌ಗಿಂತ ಭಾರ. ಕೆಳಗಿನ ಬಾಯಿಯ ಹತ್ತಿರವೇ ಕೂರುತ್ತದೆ. ಕಣ್ಣಿಗೆ ಎರಡೂ ನೀರಿನ ಬಣ್ಣವೇ. ಮೊದಲ ಕೆಲವು ನಿಮಿಷದಲ್ಲಿ ರೋಗಿಗೆ ಹೋಗುವುದು ಬಹುಪಾಲು ಪೊಟ್ಯಾಸಿಯಂ. ಬಾಟಲಿಯನ್ನು ಕೆಳಗಿಳಿಸಿ, ಔಷಧಿ ಸೇರಿಸಿ, ತಲೆಕೆಳಗು ಮಾಡಿ ಹಲವು ಸಲ ಚೆನ್ನಾಗಿ ಅಲ್ಲಾಡಿಸಿ, ಲೇಬಲ್ ಅಂಟಿಸಿ, ಆಮೇಲೆ ತೂಗುಹಾಕಿ. ಓಡುತ್ತಿರುವ ಬಾಟಲಿಗೆ ಸೇರಿಸಲೇಬೇಡಿ.

ಆಮ್ಲ-ಕ್ಷಾರದ ಪಾಠವೂ ಇಲ್ಲಿ ಬೇಕು. ಫೆನಿಟಾಯಿನ್ ಇಂಜೆಕ್ಷನ್ ಪ್ರಬಲ ಕ್ಷಾರ. ಡೆಕ್ಸ್‌ಟ್ರೋಸ್‌ಗೆ ಸೇರಿಸಿದರೆ ಹರಳುಗಟ್ಟುತ್ತದೆ, ಸಲೈನ್‌ನಲ್ಲೇ ಕೊಡಬೇಕು. ಸೆಫ್ಟ್ರಿಯಾಕ್ಸೋನ್ ಮತ್ತು ಕ್ಯಾಲ್ಸಿಯಂ ಒಂದೇ ಲೈನಿನಲ್ಲಿ ಸೇರಿದರೆ ಗಟ್ಟಿ ಕಣಗಳಾಗುತ್ತವೆ. ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಯಾಲ್ಸಿಯಂ ಇದೆ ಅನ್ನುವುದನ್ನು ಮರೆಯುತ್ತಾರೆ. ನವಜಾತ ಶಿಶುಗಳಲ್ಲಿ ಇದರಿಂದ ಸಾವು ಸಂಭವಿಸಿದೆ. ಎರಡು ಔಷಧಿಗಳ ನಡುವೆ ಸಲೈನ್‌ನಿಂದ ಲೈನ್ ತೊಳೆಯುವುದು ಬರೀ ಶಾಸ್ತ್ರಕ್ಕಲ್ಲ. ಲೈನಿನಲ್ಲಿ ಮಬ್ಬು ಕಂಡರೆ ನಿಲ್ಲಿಸಿ.

ಇನ್ಸುಲಿನ್ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ. ಇನ್ಫ್ಯೂಷನ್ ಶುರುಮಾಡುವಾಗ ಮೊದಲ 20 ಮಿ.ಲೀ.ಯಷ್ಟನ್ನು ಲೈನಿನ ಮೂಲಕ ಹರಿಸಿ ಚೆಲ್ಲುವ ಪದ್ಧತಿ ಇರುವುದು ಅದಕ್ಕೆ. ಇಲ್ಲದಿದ್ದರೆ ಶುಗರ್ ಇಳಿಯಲಿಲ್ಲ ಅಂತ ವೇಗ ಏರಿಸುತ್ತಾರೆ, ಪ್ಲಾಸ್ಟಿಕ್ ತೃಪ್ತಿಯಾದಮೇಲೆ ರೋಗಿಯ ಶುಗರ್ ಕುಸಿಯುತ್ತದೆ.

ಸ್ವಚ್ಛತೆಯ ಕಡೆಗೆ ಬಂದರೆ, 5%ರ ಬ್ಲೀಚನ್ನು 0.5% ಮಾಡಲು ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು. ಹತ್ತು ಪಾಲಲ್ಲ. ಬ್ಲೀಚನ್ನು ಆಮ್ಲದ ಟಾಯ್ಲೆಟ್ ಕ್ಲೀನರ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಚೆಲ್ಲಿದ ಮೂತ್ರದ ಮೇಲೂ ನೇರವಾಗಿ ಸುರಿಯಬೇಡಿ, ಮೊದಲು ಒರೆಸಿ ತೆಗೆಯಿರಿ. ಆಟೋಕ್ಲೇವ್‌ನಲ್ಲಿ 121 ಡಿಗ್ರಿಗೆ 15 ನಿಮಿಷ, 134ಕ್ಕೆ 3 ನಿಮಿಷ ಎನ್ನುವುದು ಹಬೆ ಎಲ್ಲ ಕಡೆ ತಾಗಿದಾಗಿನ ಲೆಕ್ಕ. ಡ್ರಮ್ ಕಿಕ್ಕಿರಿದು ಗಾಳಿ ಒಳಗೆ ಉಳಿದರೆ ಮಧ್ಯದ ಗಂಟಿಗೆ ಹಬೆ ಮುಟ್ಟುವುದಿಲ್ಲ. ಹೊರಗಿನ ಟೇಪ್ ಬಣ್ಣ ಬದಲಾದರೆ ಅದು ಆಟೋಕ್ಲೇವ್ ಒಳಗೆ ಹೋಗಿ ಬಂದಿದೆ ಅಂತ ಮಾತ್ರ ಅರ್ಥ.

ಹಂತ 7: ವಿದ್ಯುತ್ತು, ಅಯಸ್ಕಾಂತ

ಇದನ್ನು ಚಿಕ್ಕದಾಗಿ ಮುಗಿಸುತ್ತೇನೆ, ಯಾಕೆಂದರೆ ಇಲ್ಲಿ ನಿಯಮಗಳು ಸರಳ. ಒಣ ಚರ್ಮ ವಿದ್ಯುತ್ತನ್ನು ಸಾಕಷ್ಟು ತಡೆಯುತ್ತದೆ. ಹೃದಯದವರೆಗೆ ವೈರ್ ಅಥವಾ ಕ್ಯಾಥೆಟರ್ ಇರುವ ರೋಗಿಗೆ ಆ ರಕ್ಷಣೆ ಇಲ್ಲ. ನಮಗೆ ಜುಂ ಅಂತ ಕೂಡ ಅನ್ನಿಸದಷ್ಟು ಸಣ್ಣ ಸೋರಿಕೆ ಅವರ ಹೃದಯದ ಲಯ ಕೆಡಿಸಬಲ್ಲದು. ಪೇಸಿಂಗ್ ವೈರಿನ (ಹೃದಯ ಬಡಿಸಲು ವಿದ್ಯುತ್ ಒಯ್ಯುವ ವೈರಿನ) ತುದಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಗ್ಲೌಸ್ ಹಾಕಿ. ಉಪಕರಣದ ಮೇಲೆ ಚೌಕದೊಳಗೆ ಹೃದಯದ ಚಿತ್ರ ಇದ್ದರೆ ಅದು ಹೃದಯಕ್ಕೆ ನೇರ ಸಂಪರ್ಕ ಇರುವಲ್ಲಿ ಬಳಸಬಹುದಾದದ್ದು. ಮನುಷ್ಯನ ಚಿತ್ರ ಮಾತ್ರ ಇದ್ದರೆ ಅಲ್ಲ. ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಮುರಿದಿದ್ದರೆ ಆ ಯಂತ್ರ ಬಳಸಬೇಡಿ.

ಡಿಫಿಬ್ರಿಲೇಟರ್ ಶಾಕ್ ಕೊಡುವಾಗ ಒದ್ದೆ ಎದೆ ಒರೆಸಿ, ಆಕ್ಸಿಜನ್ ಮಾಸ್ಕ್ ತೆಗೆದು ಕನಿಷ್ಠ ಒಂದು ಮೀಟರ್ ದೂರ ಇಡಿ. ಆಕ್ಸಿಜನ್ ದಿಂಬಿನ ಮೇಲೆ ಹರಿಯುತ್ತಾ ಬಿಟ್ಟರೆ ಬೆಂಕಿ ಹೊತ್ತಲು ಒಂದು ಕಿಡಿ ಸಾಕು.

ಎಂಆರ್‌ಐ ಯಂತ್ರದ ಅಯಸ್ಕಾಂತ ಸ್ಕ್ಯಾನ್ ಇಲ್ಲದಾಗಲೂ, ರಾತ್ರಿಯೂ ಕೆಲಸ ಮಾಡುತ್ತಲೇ ಇರುತ್ತದೆ. 2001ರಲ್ಲಿ ಅಮೆರಿಕದಲ್ಲಿ ಸ್ಕ್ಯಾನ್ ಕೋಣೆಯೊಳಗೆ ತಂದ ಕಬ್ಬಿಣದ ಆಕ್ಸಿಜನ್ ಸಿಲಿಂಡರ್ ಹಾರಿ ಬಡಿದು ಆರು ವರ್ಷದ ಹುಡುಗ ತೀರಿಕೊಂಡ. ಕತ್ತರಿ, ಸ್ಟೆತಸ್ಕೋಪ್, ಮೊಬೈಲ್, ಸಾದಾ ಸಿಲಿಂಡರ್ ಎಲ್ಲವೂ ಬಾಗಿಲ ಹೊರಗೆ. ತುರ್ತು ಬಂದರೆ ರೋಗಿಯನ್ನು ಹೊರಗೆ ತನ್ನಿ, ಟ್ರಾಲಿಯನ್ನು ಒಳಗೆ ಒಯ್ಯಬೇಡಿ.

ಹಂತ 8: ಅನುಮಾನ ಬಂದಾಗ ಮಾಡುವ ಕ್ರಮ

1. ಮೊದಲು ರೋಗಿಯನ್ನು ನೋಡಿ. ಬಣ್ಣ, ಉಸಿರು, ನಾಡಿ, ಮಾತಿಗೆ ಪ್ರತಿಕ್ರಿಯೆ. ಅಲಾರಂ ನಿಲ್ಲಿಸುವುದು ಆಮೇಲೆ. ರೋಗಿ ಚೆನ್ನಾಗಿಲ್ಲದಿದ್ದರೆ ಯಂತ್ರದ ವಿಚಾರ ಬಿಟ್ಟು ಸಹಾಯ ಕರೆಯಿರಿ.

2. ಕೈಯಲ್ಲಿ ಅಳೆಯಿರಿ. ಆಕ್ಸಿಮೀಟರ್ ಅನುಮಾನವಾದರೆ ನಿಮ್ಮ ಬೆರಳಿಗೇ ಹಾಕಿ ನೋಡಿ. ಬಿ.ಪಿ. ಅನುಮಾನವಾದರೆ ಸ್ಟೆತಸ್ಕೋಪ್ ಹಿಡಿದು ತೆಗೆಯಿರಿ. ನಾಡಿ ಅಡ್ಡಾದಿಡ್ಡಿ ಇದ್ದವರಲ್ಲಿ ತಾನಾಗಿ ಅಳೆಯುವ ಯಂತ್ರ ಎಡವುವುದು ಜಾಸ್ತಿ.

3. ಯಂತ್ರ ಬದಲಿಸಿ, ಹಳೆಯದಕ್ಕೆ ‘ಬಳಸಬೇಡಿ’ ಅಂತ ಚೀಟಿ ಕಟ್ಟಿ. ಸುಮ್ನೆ ಮೂಲೆಗೆ ತಳ್ಳಿದರೆ ಮುಂದಿನ ಡ್ಯೂಟಿಯವರು ಎತ್ತಿಕೊಂಡು ಇನ್ನೊಬ್ಬ ರೋಗಿಗೆ ಹಚ್ಚುತ್ತಾರೆ.

4. ರೋಗಿಗೆ ತೊಂದರೆ ಆಗಿದ್ದರೆ ಯಂತ್ರದ ಸೆಟ್ಟಿಂಗ್ ಬದಲಿಸಬೇಡಿ, ಸಿರಿಂಜ್, ಲೈನ್, ಆಂಪ್ಯೂಲ್, ಪ್ಯಾಕೆಟ್ ಎಸೆಯಬೇಡಿ. ಯಂತ್ರದ ಸೀರಿಯಲ್ ನಂಬರ್, ಔಷಧಿಯ ಬ್ಯಾಚ್ ನಂಬರ್, ಸಮಯ, ಪರದೆಯಲ್ಲಿ ಕಂಡ ಸಂಖ್ಯೆ ಬರೆದಿಟ್ಟುಕೊಳ್ಳಿ.

5. ಬಯೋಮೆಡಿಕಲ್ ವಿಭಾಗಕ್ಕೆ ತಿಳಿಸುವಾಗ ‘ಪಂಪ್ ಕೆಲಸ ಮಾಡುತ್ತಿಲ್ಲ’ ಅಂತ ಬರೆದರೆ ಅವರು ಬಂದು ಆನ್ ಮಾಡಿ, ಓಡುತ್ತಿದೆ ಅಂತ ನೋಡಿ ಹೋಗುತ್ತಾರೆ. ‘50 ಮಿ.ಲೀ. ಸಿರಿಂಜ್, ಗಂಟೆಗೆ 4.5 ಮಿ.ಲೀ. ಸೆಟ್ ಮಾಡಿತ್ತು, ಎರಡು ಗಂಟೆಯಲ್ಲಿ 9ರ ಬದಲು 14 ಮಿ.ಲೀ. ಹೋಗಿದೆ, ಅಲಾರಂ ಬರಲಿಲ್ಲ’ ಅಂತ ಬರೆಯಿರಿ. ಎಲ್ಲಿ ಹುಡುಕಬೇಕು ಅಂತ ಅವರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ.